ಲ್ಯಾಕ್ಸ್ಟನ್ ಗ್ರಾಮದ ಹೊಲಗಳೂ ಗ್ರಾಮಸಭೆಗಳೂ

(ಇಂಗ್ಲೆಂಡಿನ ಒಂದು ಬೇಸಾಯದ ಹಳ್ಳಿಯಲ್ಲಿ ಸಾಮಾನ್ಯ ಸ್ವತ್ತನ್ನು ಕಾಪಾಡುವ ಕ್ರಮ)

1. ಪೀಠಿಕೆ

ಗ್ರಾಮದ ಸಾಮಾನ್ಯ ಸ್ವತ್ತು ಒಂದೇ ದಿನದಲ್ಲಿ ನಾಶವಾಗತಕ್ಕದ್ದಲ್ಲ. ಬಂಡಿಯ ದಾರಿಯ ಪಕ್ಕದಲ್ಲಿ ಹೊಲವುಳ್ಳ ರೈತನು ಒಂದು ವರ್ಷ ಉಳುವಾಗ ದಾರಿಯ ಕಡೆಗೆ ಒಂದು ಸಾಲನ್ನು ಹೆಚ್ಚಾಗಿ ಹೊಡೆಯುವನು. ಮರುವರ್ಷ ಮತ್ತೊಂದು ಸಾಲು. ಎದುರು ಪಕ್ಕದವನೂ ಸುಮ್ಮನಿರುವುದಿಲ್ಲ. ಹತ್ತು ವರ್ಷಗಳು ಕಳೆಯುವಷ್ಟರಲ್ಲಿ ಎರಡು ಬಂಡಿಗಳು ಎದುರುಬದುರಾಗಿ ಹೋಗುತ್ತಿದ್ದ ದಾರಿಯಲ್ಲಿ ಒಂದು ಬಂಡಿ ಹೋಗುವುದೂ ಪ್ರಯಾಸವಾಗುವುದು. ಯಾರು ಯಾವಾಗ ಎಷ್ಟು ಒತ್ತಿದರೆಂಬುದನ್ನು ಆಗ ಹೇಳಬಲ್ಲವರಿರುವುದಿಲ್ಲ. ವ್ಯಾಜ್ಯವು ಕಚೇರಿಯನ್ನು ಹತ್ತುವುದು. ಉಭಯರಿಗೂ ಹಣ ವೆಚ್ಚವಾಗುವುದು. ಊರಿನಲ್ಲಿ ಎರಡು ಕಕ್ಷಿಗಳು ಹುಟ್ಟಿಕೊಳ್ಳುವುವು.

ಈ ತೊಂದರೆಯು ಒಂದು ದೇಶಕ್ಕೆ ಮಾತ್ರ ಸೇರಿದುದಲ್ಲ. ಹೊಲಗಳು ಒಂದಕ್ಕೊಂದು ತಗುಲಿಕೊಂಡಿರುವ ಕಡೆಗಳಲ್ಲೆಲ್ಲಾ ಇದು ಉಂಟು. ಇದಕ್ಕೆ ಗ್ರಾಮಸ್ಥರೇ ಒಂದು ಏರ್ಪಾಡನ್ನು ಮಾಡಿಕೊಂಡು, ಅದನ್ನು ಶತಮಾನಗಳಿಂದ ಬಿಡದೆ ನಡೆಸಿಕೊಂಡು ಬಂದಿರುವ ಹಳ್ಳಿಯೊಂದು ಇಂಗ್ಲೆಂಡಿನಲ್ಲಿದೆ. ಅದರ ಹೆಸರು ಲ್ಯಾಕ್ಸ್ಟನ್. ಆ ಗ್ರಾಮದ ಹೊಲಗಳ ವ್ಯವಸ್ಥೆಯನ್ನೂ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿರುವ ಪ್ಯಾರಿಷ್ ಕೌನ್ಸಿಲೆಂಬ ಗ್ರಾಮಸಭೆಯ ಕ್ರಮವನ್ನೂ ಈ ಲೇಖನದಲ್ಲಿ ವಿವರಿಸಲಾಗುವುದು. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಸಾವಧಾನವಾಗಿ ಓದಿ, ತಮ್ಮ ಊರಿನ ಸಂದರ್ಭಕ್ಕೆ ಯಾವುದು ಒಪ್ಪುವುದೆಂಬುದನ್ನು ಆಲೋಚಿಸಬಹುದು.

2. ಗ್ರಾಮದ ಸ್ಥಿತಿ

ಲ್ಯಾಕ್ಸ್ಟನ್ ಗ್ರಾಮವು ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ನಾಟಿಂಗ್‌ಹ್ಯಾಂಷೈರ್ ಎಂಬ ಕೌಂಟಿಗೆ, ಅಂದರೆ ಜಿಲ್ಲೆಗೆ, ಸೇರಿದುದು. ಆಲರ್ಟನ್, ಟಕ್ಸ್‌ಫರ್ಡ್ ಎಂಬ ಸಣ್ಣ ಪಟ್ಟಣಗಳು ಇದಕ್ಕೆ ಸಮೀಪದಲ್ಲಿವೆ. ಭೂಮಿಯು ಭಾರವಾದ ಜೇಡಿಮಣ್ಣಿನದು. ಮಳೆ ಹೆಚ್ಚಾದರೆ ನೀರು ನಿಂತು ಉಳುಮೆಗೆ ತಡೆಯಾಗುವುದು. ಜನಸಂಖ್ಯೆಯು ಕೆಲವು ನೂರುಗಳನ್ನು ಮೀರುವುದಿಲ್ಲ. ಊರಿನಲ್ಲಿ ಹಳೆಯದೊಂದು ಚರ್ಚು ಇದೆ. ಉತ್ತರಕ್ಕೆ ಪೂರ್ವಕಾಲದ ಕೋಟೆಯ ಮಣ್ಣಿನ ದಿಬ್ಬವು ಉಳಿದಿದೆ. ಜನರು ಸೇರುವುದಕ್ಕೆ ಡವ್‌ಕಾಟ್ ಎಂಬ ಹೆಸರಿನ ಛತ್ರದಂತಹ ಪಾನಗೃಹವೊಂದಿದೆ.

ಈ ಗ್ರಾಮವನ್ನು ನೋಡುವವರಿಗೆ ಮೊದಲು ಕಾಣುವ ವಿಶೇಷವೆಂದರೆ, ರೈತರ ಮನೆಗಳೆಲ್ಲವೂ ಊರೊಳಗಿನ ಬೀದಿಗಳಲ್ಲಿಯೇ ಸಾಲಾಗಿರುವುದು. ಮನೆಯ ಹಿಂದೆ ಕಣ, ಕೊಟ್ಟಿಗೆ, ಹಿತ್ತಿಲುಗಳು, ಅದರಾಚೆಗೆ ಹೊಲಗಳು. ನಮ್ಮ ಓದುಗರಿಗೆ ಇದು ಹೊಸದಾಗಿ ತೋರದು. ಆದರೆ ಇಂಗ್ಲೆಂಡಿನ ಇತರ ಪ್ರಾಂತ್ಯಗಳಲ್ಲಿ ಅನೇಕ ರೈತರು ಊರನ್ನು ಬಿಟ್ಟು, ಬೇಲಿ ಹಾಕಿದ ತಮ್ಮ ಜಮೀನಿನ ನಡುವೆ ಒಂಟಿಮನೆಗಳಲ್ಲಿ ವಾಸಮಾಡುತ್ತಾರೆ. ಲ್ಯಾಕ್ಸ್ಟನ್ನಿನ ರೈತರು ಹಾಗೆ ಚದರಿಹೋಗದೆ ಒಂದೇ ಬೀದಿಯಲ್ಲಿ ಉಳಿದುದಕ್ಕೆ ಅವರ ಹೊಲಗಳ ವ್ಯವಸ್ಥೆಯೇ ಕಾರಣವು.

3. ಮೂರು ಹೊಲಗಳ ಬೇಸಾಯ

ಗ್ರಾಮದ ಸಾಗುವಳಿ ಭೂಮಿಯ ಮುಖ್ಯಭಾಗವು ಮೂರು ದೊಡ್ಡ ಹೊಲಗಳಾಗಿ ವಿಂಗಡವಾಗಿದೆ. ದಕ್ಷಿಣದ ಹೊಲ, ಗಿರಣಿಯ ಹೊಲ, ಪಶ್ಚಿಮದ ಹೊಲ ಎಂದು ಅವುಗಳ ಹೆಸರುಗಳಿಗೆ ಅರ್ಥ. ಇವುಗಳೊಳಗೆ ಬೇಲಿಯಾಗಲಿ ಗೋಡೆಯಾಗಲಿ ಇಲ್ಲ. ಪ್ರತಿಯೊಂದು ಹೊಲವೂ ಉದ್ದವಾದ ಪಟ್ಟಿಗಳಾಗಿ ಹಂಚಲ್ಪಟ್ಟಿದೆ. ಒಬ್ಬ ರೈತನಿಗೆ ಮೂರು ಹೊಲಗಳಲ್ಲಿಯೂ ಬೇರೆ ಬೇರೆ ಎಡೆಗಳಲ್ಲಿ ಪಟ್ಟಿಗಳಿರುತ್ತವೆ. ಹೀಗಿರುವುದರಿಂದ ಒಳ್ಳೆಯ ನೆಲವೂ ಸಾಧಾರಣ ನೆಲವೂ ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರುವುವು.

ಬೆಳೆಯ ಸರದಿಯು ಮೂರು ವರ್ಷಗಳದು. ಮೊದಲನೆಯ ವರ್ಷ ಒಂದು ಹೊಲದಲ್ಲಿ ಚಳಿಗಾಲದ ಗೋಧಿ. ಎರಡನೆಯ ವರ್ಷ ಅದೇ ಹೊಲದಲ್ಲಿ ವಸಂತಕಾಲದಲ್ಲಿ ಬಿತ್ತುವ ಬಾರ್ಲಿ ಮುಂತಾದ ಧಾನ್ಯ. ಮೂರನೆಯ ವರ್ಷ ಬೀಳು. ಹಿಂದೆ ಬೀಳು ಹೊಲದಲ್ಲಿ ಊರಿನ ದನಕುರಿಗಳನ್ನು ಒಟ್ಟಿಗೆ ಮೇಯಿಸುತ್ತಿದ್ದರು. ಇತ್ತೀಚಿನ ಕಾಲದಲ್ಲಿ ಅಲ್ಲಿ ಮೇವಿನ ಬೆಳೆಗೂ ಅವಕಾಶ ಉಂಟು. ಯಾವ ವರ್ಷದಲ್ಲಿ ನೋಡಿದರೂ ಮೂರರಲ್ಲಿ ಒಂದು ಗೋಧಿಯ ಹೊಲ, ಒಂದು ವಸಂತಧಾನ್ಯದ ಹೊಲ, ಒಂದು ಬೀಳು. ಒಬ್ಬ ರೈತನು ತನ್ನ ಪಟ್ಟಿಯಲ್ಲಿ ಮಾತ್ರ ಬೇರೆ ಸರದಿಯನ್ನು ಹಿಡಿಯುವೆನೆಂದರೆ ನೆರೆಯವರೆಲ್ಲರಿಗೂ ಅಡಚಣೆಯಾಗುವುದು. ಆದುದರಿಂದ ಬೇಸಾಯವು ಇಲ್ಲಿ ಒಬ್ಬೊಬ್ಬನ ಸ್ವಂತ ಕಾರ್ಯವಾಗಿರುವಂತೆಯೇ ಊರಿನ ಕಾರ್ಯವೂ ಆಗಿದೆ.

ಹೊಲಗಳ ನಡುವೆ ತಗ್ಗಾದ, ಉಳುವುದಕ್ಕೆ ತಕ್ಕುದಲ್ಲದ ಹುಲ್ಲುನೆಲಗಳುಂಟು. ಇವುಗಳಿಗೆ ಸೈಕ್ ಎಂದು ಹೆಸರು. ಇವು ಯಾರೊಬ್ಬರ ಪಟ್ಟಿಗೂ ಸೇರಿದುವಲ್ಲ. ಇವುಗಳ ಹುಲ್ಲನ್ನು ಕೊಯ್ದುಕೊಳ್ಳುವ ಹಕ್ಕನ್ನು ವರ್ಷವರ್ಷವೂ ಹರಾಜು ಮಾಡುವರು. ಉಳುಮೆಯಾಗಲಿ ಕೃತಕ ಗೊಬ್ಬರವಾಗಲಿ ಹೆಚ್ಚಾಗಿ ಸೋಕದಿರುವುದರಿಂದ, ಬೇರೆಡೆಗಳಲ್ಲಿ ಅಪರೂಪವಾದ ಹುಲ್ಲುಗಾವಲಿನ ಗಿಡಗಳು ಇಲ್ಲಿ ಉಳಿದಿವೆ. ಸರ್ಕಾರವು ಈ ಕಾರಣದಿಂದ ಇವುಗಳಿಗೆ ವಿಶೇಷ ರಕ್ಷಣೆಯನ್ನು ಕೊಟ್ಟಿದೆ.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನು ಈ ಗ್ರಾಮವನ್ನು ಅಳೆದು, ಒಂದೊಂದು ಪಟ್ಟಿಯನ್ನೂ ತೋರಿಸುವ ನಕ್ಷೆಯನ್ನೂ ಹಿಡುವಳಿಗಳ ವಿವರವನ್ನೂ ಸಿದ್ಧಪಡಿಸಿದನು. ಆ ನಕ್ಷೆಯು ಈಗಲೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದಲ್ಲಿದೆ. ಅನಂತರ, ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡವಾಗಿ ಮಾಡಿದ್ದರಿಂದ ಪಟ್ಟಿಗಳ ಸಂಖ್ಯೆಯು ಬಹಳವಾಗಿ ತಗ್ಗಿದೆ. ಆದರೂ ಮೂರು ಹೊಲಗಳ ಕ್ರಮವು ಅಳಿಯಲಿಲ್ಲ.

4. ಜ್ಯೂರಿಯ ದಿನ

ಬೇಲಿಯಿಲ್ಲದ ಹೊಲಗಳಲ್ಲಿ ಬದುವನ್ನು ಕಾಯುವವರಾರು? ಇದಕ್ಕಾಗಿ ಗ್ರಾಮದಲ್ಲಿ ಕೋರ್ಟ್ ಲೀಟ್ ಎಂಬ ಪುರಾತನ ಸಭೆಯೊಂದಿದೆ. ಅದರ ಕೈಕೆಳಗೆ ಹನ್ನೆರಡು ಮಂದಿಯ ಜ್ಯೂರಿಯೂ ಅದಕ್ಕೊಬ್ಬ ಫೋರ್‌ಮನ್ನೂ ಇರುತ್ತಾರೆ. ಇವರು ಹೊರಗಿನಿಂದ ಬಂದ ಅಧಿಕಾರಿಗಳಲ್ಲ. ಊರಿನ ಬೇಸಾಯವನ್ನು ಬಲ್ಲ ಊರಿನವರೇ. ನಮ್ಮ ಕಡೆಯ ಪಂಚರೊಡನೆ ಇವರನ್ನು ಹೋಲಿಸಬಹುದು.

ನವಂಬರ್ ತಿಂಗಳ ಕೊನೆಯ ಭಾಗದಲ್ಲಿ, ಗೋಧಿಯ ಬಿತ್ತನೆಯು ಮುಗಿದ ಮೇಲೆ, ಗೊತ್ತಾದ ಒಂದು ಗುರುವಾರ ಜ್ಯೂರಿಯವರು ಒಟ್ಟಾಗಿ ಆ ವರ್ಷದ ಗೋಧಿಯ ಹೊಲಕ್ಕೆ ಹೋಗುವರು. ಪಟ್ಟಿಗಳು ದಾರಿಗೂ ಸೈಕುಗಳಿಗೂ ತಗುಲುವ ಕೊನೆಗಳನ್ನು ಕಣ್ಣಾರೆ ನೋಡುವರು. ಎಲ್ಲೆಯು ಎಲ್ಲಿ ಅಸ್ಪಷ್ಟವಾಗಿದೆಯೋ ಅಲ್ಲಿ ಮರದ ಗೂಟವನ್ನು ಹೊಡೆಯುವರು. ಯಾವನಾದರೂ ನೇಗಿಲನ್ನು ದಾರಿಯೊಳಕ್ಕೋ ಸೈಕಿನೊಳಕ್ಕೋ ನುಗ್ಗಿಸಿದ್ದರೆ ಅದನ್ನು ಅಲ್ಲಿಯೇ ಗುರುತುಮಾಡಿಕೊಳ್ಳುವರು. ಬಳಿಕ ಊರಿಗೆ ಹಿಂದಿರುಗಿ ಒಟ್ಟಿಗೆ ಊಟಮಾಡಿ, ಯಾರಿಗೆ ಎಷ್ಟು ಜುಲ್ಮಾನೆಯೆಂಬುದನ್ನು ಪರ್ಯಾಲೋಚಿಸಿ ಬರೆದಿಡುವರು.

ಈ ಕ್ರಮದಲ್ಲಿ ಮೂರು ಅಂಶಗಳು ಗಮನಿಸತಕ್ಕವು. ಮೊದಲನೆಯದು, ಕಾಲ. ಬಿತ್ತನೆಯಾದ ಕೂಡಲೆ ಪರೀಕ್ಷೆ ನಡೆಯುವುದರಿಂದ ಉಳುಮೆಯ ಗುರುತು ಇನ್ನೂ ನೆಲದಲ್ಲಿರುವುದು, ಸಾಕ್ಷಿಗಳನ್ನು ಹುಡುಕಬೇಕಾದುದಿಲ್ಲ. ಎರಡನೆಯದು, ಸ್ಥಳ. ತೀರ್ಮಾನವು ಕಾಗದದ ಮೇಲಲ್ಲದೆ ಹೊಲದಲ್ಲಿ ನಿಂತು ನೋಡಿದುದರ ಮೇಲೆ ಆಗುವುದು. ಮೂರನೆಯದು, ಸರದಿ. ವರ್ಷಕ್ಕೊಂದು ಹೊಲದಂತೆ ಮೂರು ವರ್ಷಗಳಲ್ಲಿ ಮೂರು ಹೊಲಗಳೂ ಪರೀಕ್ಷೆಗೆ ಒಳಪಡುವುವು. ಆದುದರಿಂದ ಯಾವ ಒತ್ತುವರಿಯೂ ಮೂರು ವರ್ಷಗಳಿಗಿಂತ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಬೆಳೆಯಲಾರದು.

5. ಕೋರ್ಟ್ ಲೀಟಿನ ಕಲಾಪ

ಜ್ಯೂರಿಯ ದಿನವಾದ ಒಂದು ವಾರಕ್ಕೆ ಕೋರ್ಟ್ ಲೀಟ್ ಸೇರುವುದು. ಗ್ರಾಮದ ಒಡೆತನದ ಪರವಾಗಿ ನೇಮಕವಾದ ಸ್ಟೂವರ್ಡನು ಅಧ್ಯಕ್ಷನಾಗಿ ಕುಳಿತುಕೊಳ್ಳುವನು; ಬೈಲಿಫನೆಂಬ ನೌಕರನು ಸಭೆಯನ್ನು ಕರೆಯುವನು. ಜ್ಯೂರಿಯವರು ತಾವು ಕಂಡುದನ್ನು ಒಪ್ಪಿಸುವರು. ತಪ್ಪಿತಸ್ಥರಿಗೆ ವಿಧಿಸಿದ ಜುಲ್ಮಾನೆಯು ಎಲ್ಲರೆದುರಿಗೆ ಓದಲ್ಪಡುವುದು. ಮುಂದಿನ ವರ್ಷದ ಗೋಧಿಯ ಹೊಲವನ್ನು ಪರೀಕ್ಷಿಸುವುದಕ್ಕೆ ಹೊಸ ಜ್ಯೂರಿಯನ್ನು ನೇಮಿಸಿ ಪ್ರಮಾಣವಚನವನ್ನು ಮಾಡಿಸುವರು.

ಜುಲ್ಮಾನೆಯ ಮೊಬಲಗು ಅಲ್ಪವೇ ಸರಿ. ಅದನ್ನು ತೆತ್ತು ಯಾರೂ ಬಡವರಾಗುವುದಿಲ್ಲ. ಆದರೆ ಬೆಳಗಾದರೆ ಮುಖವನ್ನು ನೋಡಬೇಕಾದ ನೆರೆಯವರ ಮುಂದೆ ತನ್ನ ಹೆಸರು ಓದಲ್ಪಡುವುದೇ ದೊಡ್ಡ ಶಿಕ್ಷೆ. ಇಂದು ಜುಲ್ಮಾನೆ ಹಾಕುವ ಜ್ಯೂರಿಯವನು ನಾಳೆ ತಾನೂ ಅದೇ ಪರೀಕ್ಷೆಗೆ ಒಳಪಡಬೇಕಾದವನು; ಆದುದರಿಂದ ಅವನು ಕ್ರೂರನಾಗಲಾರನು, ತೀರಾ ಸಡಿಲನಾದರೂ ನಡೆಯದು.

1977ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನನ್ನು ಮಾಡಿ ಇಂತಹ ಹಳೆಯ ಗ್ರಾಮನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕಿತು. ಆದರೆ ಲ್ಯಾಕ್ಸ್ಟನ್ನಿನ ಸಭೆಯ ಅಧಿಕಾರವನ್ನು ಉಳಿಸಿತು. ಪ್ರಾಚೀನತೆಯ ಮೇಲಿನ ಮೋಹವೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಈ ಸಭೆಗೆ ಆಗಲೂ ಮಾಡತಕ್ಕ ಕೆಲಸವಿದ್ದಿತು, ಈಗಲೂ ಇದೆ.

6. ಬೇರೆ ಹಳ್ಳಿಗಳಲ್ಲಿ ಆದ ಬದಲಾವಣೆ

ಒಂದು ಕಾಲದಲ್ಲಿ ಇಂಗ್ಲೆಂಡಿನ ಮಧ್ಯಪ್ರಾಂತ್ಯದ ಹಳ್ಳಿಗಳಲ್ಲಿ ಬಹುಭಾಗವು ಲ್ಯಾಕ್ಸ್ಟನ್ನಿನಂತೆಯೇ ಇದ್ದಿತು. 1604ರಿಂದ 1914ರವರೆಗೆ ಪಾರ್ಲಿಮೆಂಟಿನಲ್ಲಿ ಮಂಜೂರಾದ 5,200ಕ್ಕೂ ಹೆಚ್ಚು ಮಸೂದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ಭೂಮಿಗೆ ಬೇಲಿ ಬಿದ್ದಿತು. ಇದು ಇಂಗ್ಲೆಂಡಿನ ವಿಸ್ತೀರ್ಣದಲ್ಲಿ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಕಮಿಷನರುಗಳು ಗ್ರಾಮಕ್ಕೆ ಬಂದು, ಚದರಿದ್ದ ಪಟ್ಟಿಗಳನ್ನು ಕೂಡಿಸಿ, ಒಬ್ಬೊಬ್ಬನಿಗೂ ಒಂದೇ ಕಡೆ ಜಮೀನನ್ನು ಗೊತ್ತುಮಾಡಿಕೊಟ್ಟರು.

ಇದರಿಂದ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಒಂದೇ ಕಡೆ ಜಮೀನುಳ್ಳವನು ನೀರನ್ನು ಬಸಿಯುವ ಕಾಲುವೆಗಳನ್ನು ತೋಡಿಸಿದನು. ಟರ್ನಿಪ್ಪು, ಕ್ಲೋವರು ಮುಂತಾದ ಹೊಸ ಬೆಳೆಗಳನ್ನು ಇಟ್ಟನು. ಮಿಶ್ರವಾಗದಂತೆ ದನಕುರಿಗಳ ತಳಿಯನ್ನು ಉತ್ತಮಪಡಿಸಿದನು. ಆದರೆ ನಷ್ಟವೂ ಉಂಟಾಯಿತು. ಊರಿನ ಸಾಮಾನ್ಯ ಹುಲ್ಲುನೆಲದಲ್ಲಿ ಒಂದು ಹಸುವನ್ನು ಮೇಯಿಸಿ ಜೀವಿಸುತ್ತಿದ್ದ ಬಡವನು, ತನ್ನ ಹಕ್ಕಿಗೆ ಬರಹದ ಆಧಾರವನ್ನು ತೋರಿಸಲಾರದೆ ಹೋದಾಗ, ಹುಲ್ಲುನೆಲವನ್ನೂ ಹಸುವನ್ನೂ ಕಳೆದುಕೊಂಡನು. ಅವನಿಗೆ ಕೂಲಿಯೊಂದೇ ಗತಿಯಾಯಿತು. ಸಾಮಾನ್ಯ ಸ್ವತ್ತಿನ ವಿವರವನ್ನು ಬರಹದಲ್ಲಿ ಇಟ್ಟುಕೊಳ್ಳದ ಊರಿನಲ್ಲಿ ಮೊದಲು ನಷ್ಟಪಡುವವನು ಬಡವನೇ ಎಂಬುದನ್ನು ಇದರಿಂದ ತಿಳಿಯಬಹುದು.

ಹೊಲದ ಸಭೆಗಳು ಹೀಗೆ ಕೆಲಸವಿಲ್ಲದೆ ನಿಂತುಹೋದುವು. ಊರಿನ ಉಳಿದ ಕಾರ್ಯಗಳನ್ನು ಚರ್ಚಿನ ಆಶ್ರಯದಲ್ಲಿ ಸೇರುತ್ತಿದ್ದ ವೆಸ್ಟ್ರಿ ಎಂಬ ಸಭೆಯು ನೋಡಿಕೊಳ್ಳುತ್ತಿದ್ದಿತು. 1555ರ ಕಾನೂನಿನಂತೆ ರಸ್ತೆಗಳ ದುರಸ್ತಿಯೂ, 1601ರ ಕಾನೂನಿನಂತೆ ಬಡವರ ಪೋಷಣೆಯೂ ಪ್ಯಾರಿಷಿನ ಹೊಣೆಯಾಗಿದ್ದುವು. ಆದರೆ ಎಷ್ಟೋ ಕಡೆಗಳಲ್ಲಿ ವೆಸ್ಟ್ರಿಯು ಪಾದ್ರಿಯೂ ದೊಡ್ಡ ಜಮೀನುದಾರರೂ ಹೇಳಿದಂತೆ ನಡೆಯುವ ಸಭೆಯಾಗಿ ಹೋಗಿದ್ದಿತು. ಈ ನ್ಯೂನತೆಯನ್ನು ಹೋಗಲಾಡಿಸುವುದಕ್ಕಾಗಿ 1894ರಲ್ಲಿ ಸ್ಥಳೀಯ ಆಡಳಿತದ ಕಾನೂನು ಜಾರಿಗೆ ಬಂದಿತು. ಅದರ ಪ್ರಕಾರ 300 ಮತ್ತು ಅದಕ್ಕೆ ಮೇಲ್ಪಟ್ಟು ಜನಸಂಖ್ಯೆಯುಳ್ಳ ಗ್ರಾಮಾಂತರ ಪ್ಯಾರಿಷುಗಳಿಗೆಲ್ಲಾ ಚುನಾಯಿತ ಕೌನ್ಸಿಲು ದೊರೆಯಿತು. ಚಿಕ್ಕ ಪ್ಯಾರಿಷುಗಳಿಗೂ ಮತದಾರರೆಲ್ಲರೂ ಸೇರುವ ಸಭೆಯ ಏರ್ಪಾಡಾಯಿತು. ಮೊದಲನೆಯ ಚುನಾವಣೆಗಳು ಅದೇ ವರ್ಷದ ಡಿಸೆಂಬರಿನಲ್ಲಿ ನಡೆದುವು. ಸ್ತ್ರೀಯರಿಗೂ, ವಿವಾಹಿತರೆಂಬ ತಡೆಯಿಲ್ಲದೆ, ಈ ಕೌನ್ಸಿಲುಗಳಿಗೆ ಸದಸ್ಯರಾಗುವ ಹಕ್ಕು ದೊರೆತುದು ಸ್ಮರಿಸತಕ್ಕ ಸಂಗತಿ. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಅವರಿಗೆ ಮತವು ದೊರೆತುದು 1918ರಲ್ಲಿ, ಅದೂ ಮೂವತ್ತು ವರ್ಷ ತುಂಬಿದ ಕೆಲವರಿಗೆ ಮಾತ್ರ.

7. ಪ್ಯಾರಿಷ್ ಕೌನ್ಸಿಲಿನ ರಚನೆ

ಇಂಗ್ಲೆಂಡಿನಲ್ಲಿ ಈಗ ಸುಮಾರು ಹತ್ತು ಸಾವಿರ ಪ್ಯಾರಿಷ್ ಮತ್ತು ಸಣ್ಣ ಪಟ್ಟಣ ಕೌನ್ಸಿಲುಗಳುಂಟು. ಲ್ಯಾಕ್ಸ್ಟನ್ ಗ್ರಾಮವೂ ಪಕ್ಕದ ಮೂರ್‌ಹೌಸ್ ಎಂಬ ಮಜರೆಯೂ ಸೇರಿ ಒಂದು ಪ್ಯಾರಿಷ್ ಆಗಿದೆ. ಹೊಲಗಳ ಎಲ್ಲೆಯು ಕೋರ್ಟ್ ಲೀಟಿಗೆ ಸೇರಿದುದು. ಪ್ಯಾರಿಷಿನ ಉಳಿದ ಸಾರ್ವಜನಿಕ ಕಾರ್ಯಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೇ ಆಧಾರ. ಆ ಕಾನೂನಿನ ಮುಖ್ಯಾಂಶಗಳು ಇವು.

ಕೌನ್ಸಿಲಿನಲ್ಲಿ ಐವರಿಗೆ ಕಡಿಮೆಯಿಲ್ಲದಂತೆ ಸದಸ್ಯರಿರಬೇಕು. ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಚುನಾವಣೆ. ಅಧ್ಯಕ್ಷರನ್ನು ವರ್ಷಕ್ಕೊಮ್ಮೆ ಸದಸ್ಯರೇ ಆರಿಸುವರು. ವರ್ಷಕ್ಕೆ ನಾಲ್ಕು ಸಭೆಗಳಾದರೂ ನಡೆಯಲೇಬೇಕು. ಎಷ್ಟೋ ಹಳ್ಳಿಗಳಲ್ಲಿ ಇದಕ್ಕಿಂತ ಹೆಚ್ಚಾಗಿ ನಡೆಯುವುವು. ಸಭೆಗೆ ಮುಂಚೆ ಮೂರು ಪೂರ್ಣ ದಿನಗಳ ತಿಳಿವಳಿಕೆಯನ್ನು ಊರಿನಲ್ಲಿ ಎಲ್ಲರಿಗೂ ಕಾಣುವ ಸ್ಥಳದಲ್ಲಿ ಅಂಟಿಸಬೇಕು. ಸದಸ್ಯರಲ್ಲಿ ಮೂರನೆಯ ಒಂದು ಪಾಲು, ಆದರೆ ಮೂವರಿಗೆ ಕಡಿಮೆಯಿಲ್ಲದಷ್ಟು ಮಂದಿ, ಹಾಜರಿಲ್ಲದಿದ್ದರೆ ಯಾವ ನಿರ್ಣಯವೂ ಸಲ್ಲದು. ಆರು ತಿಂಗಳು ಸತತವಾಗಿ ಒಪ್ಪತಕ್ಕ ಕಾರಣವಿಲ್ಲದೆ ಗೈರುಹಾಜರಾದ ಸದಸ್ಯನು ತನ್ನ ಸ್ಥಾನವನ್ನು ಕಳೆದುಕೊಳ್ಳುವನು. 1960ರ ಕಾನೂನಿನಂತೆ ಸಭೆಗಳಿಗೆ ಸಾರ್ವಜನಿಕರು ಬಂದು ಕುಳಿತು ಕೇಳಬಹುದು.

ಸದಸ್ಯರಲ್ಲಿ ಬಹುಮಂದಿ ವೇತನವಿಲ್ಲದೆ ಕೆಲಸಮಾಡುವವರು. ಸಂಬಳವುಳ್ಳವನು ಗುಮಾಸ್ತೆಯೊಬ್ಬನೇ, ಅನೇಕ ಕಡೆಗಳಲ್ಲಿ ಆತನದೂ ಪೂರ್ಣಕಾಲದ ಉದ್ಯೋಗವಲ್ಲ. ನಡವಳಿಕೆಗಳನ್ನು ಬರೆಯುವುದು, ಕಾನೂನಿನ ವಿಷಯದಲ್ಲಿ ಸದಸ್ಯರನ್ನು ಎಚ್ಚರಿಸುವುದು, ನಿರ್ಣಯಗಳನ್ನು ಕಾರ್ಯಕ್ಕೆ ತರುವುದು ಆತನ ಕರ್ತವ್ಯ. ಒಳ್ಳೆಯ ಗುಮಾಸ್ತೆಯಿರುವ ಊರಿನಲ್ಲಿ ಅಧ್ಯಕ್ಷರು ಬದಲಾದರೂ ಕೆಲಸವು ಕೆಡುವುದಿಲ್ಲ. ಸದಸ್ಯನ ಸ್ವಂತ ಹಣಕಾಸಿಗೆ ಸಂಬಂಧಪಟ್ಟ ವಿಷಯವು ಚರ್ಚೆಗೆ ಬಂದಾಗ ಅವನು ಅದನ್ನು ತಿಳಿಸಿ, ಅದರ ಚರ್ಚೆಯಲ್ಲಿಯೂ ಮತದಲ್ಲಿಯೂ ಸೇರದೆ ಇರತಕ್ಕದ್ದು.

ಕೌನ್ಸಿಲಿನ ಸಭೆಯಲ್ಲದೆ, ಮಾರ್ಚಿ 1ನೆಯ ತಾರೀಖಿನಿಂದ ಜೂನ್ 1ನೆಯ ತಾರೀಖಿನೊಳಗೆ ಪ್ಯಾರಿಷಿನ ಮತದಾರರೆಲ್ಲರ ವಾರ್ಷಿಕ ಸಭೆಯೊಂದು ನಡೆಯಬೇಕು. ಸಂಜೆ ಆರು ಗಂಟೆಗೆ ಮುಂಚೆ ಅದು ಪ್ರಾರಂಭವಾಗಕೂಡದೆಂದು ಕಾನೂನೇ ಹೇಳುವುದು. ಹೊಲದಲ್ಲಿಯೂ ಕಾರ್ಖಾನೆಯಲ್ಲಿಯೂ ದುಡಿಯುವವರಿಗೆ ಬರಲು ಅನುಕೂಲವಾಗುವುದು. ಆರು ಮಂದಿ ಮತದಾರರು ಸೇರಿ ಕೇಳಿದರೆ ಅಂತಹ ಸಭೆಯನ್ನು ಬೇರೆ ಕಾಲದಲ್ಲಿಯೂ ಕರೆಯಬಹುದು.

8. ಹಣವೂ ಲೆಕ್ಕವೂ

ಮುಂದಿನ ವರ್ಷಕ್ಕೆ ಬೇಕಾಗುವ ಹಣವೆಷ್ಟೆಂಬುದನ್ನು ಕೌನ್ಸಿಲೇ ಅಂದಾಜುಮಾಡಿ ಡಿಸ್ಟ್ರಿಕ್ಟ್ ಕೌನ್ಸಿಲಿಗೆ ತಿಳಿಸುವುದು. ಡಿಸ್ಟ್ರಿಕ್ಟಿನವರು ಆ ಮೊಬಲಗನ್ನು ಆ ಊರಿನ ಮನೆಗಳ ತೆರಿಗೆಯೊಡನೆ ಸೇರಿಸಿ ವಸೂಲುಮಾಡಿ ಕೌನ್ಸಿಲಿಗೆ ಕೊಡುವರು. ಇದಕ್ಕೆ ಪ್ರಿಸೆಪ್ಟ್ ಎಂದು ಹೆಸರು. ತೆರಿಗೆಯ ಚೀಟಿಯಲ್ಲಿ ಪ್ಯಾರಿಷಿಗೆ ಹೋಗುವ ಭಾಗವು ಬೇರೆಯಾಗಿಯೇ ಕಾಣುವುದು. ಆದುದರಿಂದ ಕೌನ್ಸಿಲು ದುಂದುಮಾಡಿದರೆ ಪ್ರತಿಯೊಂದು ಮನೆಯವರಿಗೂ ಅದು ತಿಳಿಯುವುದು. 1894ರ ಕಾನೂನಿನಲ್ಲಿ, ಮತದಾರರ ಸಭೆಯ ಒಪ್ಪಿಗೆಯಿಲ್ಲದೆ ಪೌಂಡಿಗೆ ಮೂರು ಪೆನ್ನಿಗಿಂತ ಹೆಚ್ಚಿನ ತೆರಿಗೆಗೆ ಕಾರಣವಾಗುವ ವೆಚ್ಚವನ್ನು ಮಾಡಕೂಡದೆಂದು ಮಿತಿಯನ್ನು ಇಟ್ಟಿದ್ದರು. ಆಗ ಪೌಂಡಿಗೆ 240 ಪೆನ್ನಿಗಳಾದುದರಿಂದ ಇದು ಎಂಬತ್ತನೆಯ ಒಂದು ಪಾಲಾಗುವುದು.

ಲೆಕ್ಕದ ವರ್ಷವು ಮಾರ್ಚಿ 31ಕ್ಕೆ ಮುಗಿಯುವುದು. ಬಳಿಕ ಮೂವತ್ತು ಕೆಲಸದ ದಿನಗಳ ಕಾಲ ಲೆಕ್ಕದ ಪುಸ್ತಕಗಳೂ ರಸೀತಿಗಳೂ ನೋಡಬಯಸುವವರಿಗೆ ದೊರೆಯುವಂತಿರಬೇಕು. ಆ ಊರಿನ ಯಾವ ಮತದಾರನಾದರೂ ಲೆಕ್ಕಪರಿಶೋಧಕರಿಗೆ ಪ್ರಶ್ನೆ ಹಾಕಬಹುದು, ತಕರಾರನ್ನೂ ಸಲ್ಲಿಸಬಹುದು. ಊರಿನವರು ಹಣವನ್ನು ಕೊಡಲು ಒಪ್ಪುವುದಕ್ಕೂ ಲೆಕ್ಕವನ್ನು ನೋಡಲು ಶಕ್ತರಾಗಿರುವುದಕ್ಕೂ ನಿಕಟವಾದ ಸಂಬಂಧವುಂಟು.

9. ಕೌನ್ಸಿಲಿನ ಕೆಲಸಗಳು

ಕೌನ್ಸಿಲಿನ ಅಧಿಕಾರಗಳು ದೊಡ್ಡವಲ್ಲ. ಬೀದಿಯ ದೀಪ, ಸ್ಮಶಾನ, ಆಟದ ಬಯಲು, ಊರ ಮುಂದಿನ ಹುಲ್ಲುಬಯಲು, ಬಸ್ಸಿಗೆ ಕಾಯುವವರ ತಂಗುಮನೆ, ಕಲ್ಲುಬೆಂಚು, ಯುದ್ಧದಲ್ಲಿ ಮಡಿದವರ ಸ್ಮಾರಕ, ಇಂತಹವುಗಳನ್ನು ನೋಡಿಕೊಳ್ಳಬಹುದು. ವ್ಯವಸಾಯಗಾರರಿಗೆ ಮುಖ್ಯವಾದುವು ಎರಡು.

(ಅ) ತರಕಾರಿಯ ತುಂಡುಗಳು. ಜಮೀನಿಲ್ಲದ ಮನೆಯವರು ಕಾಯಿಪಲ್ಯವನ್ನು ಬೆಳೆದುಕೊಳ್ಳಲು ಸಣ್ಣ ಗೇಣಿಗೆ ಕೊಡುವ ನೆಲಕ್ಕೆ ಅಲಾಟ್ಮೆಂಟ್ ಎಂದು ಹೆಸರು. ಹಿಂದಿನಿಂದ ರೂಢಿಯಲ್ಲಿರುವ ತುಂಡಿನ ಅಳತೆಯು ಎಕರೆಯ ಹದಿನಾರನೆಯ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. 1908ರ ಕಾನೂನಿನ ಪ್ರಕಾರ ಊರಿನ ಆರು ಮಂದಿ ಮತದಾರರು ಬರಹದ ಮೂಲಕ ಕೇಳಿಕೊಂಡರೆ ಕೌನ್ಸಿಲು ಅದನ್ನು ಪರಿಶೀಲಿಸಲೇಬೇಕು.

(ಆ) ಕಾಲುದಾರಿಗಳು. ಹೊಲಗಳ ನಡುವೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಗಳು ಇಂಗ್ಲೆಂಡಿನಲ್ಲಿ ಬಹಳ. 1949ರ ಕಾನೂನಿನಂತೆ ಇವುಗಳೆಲ್ಲವನ್ನೂ ನಕ್ಷೆಯಲ್ಲಿ ಗುರುತಿಸಬೇಕಾಯಿತು. ಆಗ ಅನೇಕ ಪ್ಯಾರಿಷುಗಳಲ್ಲಿ ಗ್ರಾಮಸ್ಥರೇ ದಾರಿಗಳನ್ನು ನಡೆದು ನೋಡಿ, ವಿವರಗಳನ್ನು ಬರೆದು ಕೌಂಟಿ ಕೌನ್ಸಿಲಿಗೆ ಒಪ್ಪಿಸಿದರು. ನಕ್ಷೆಯಲ್ಲಿ ಸೇರಿದ ದಾರಿಯನ್ನು ಇಲ್ಲವೆನ್ನುವುದು ಸುಲಭವಲ್ಲ. ಹೊಲದ ಅಂಚಿನ ದಾರಿಯನ್ನು ಉಳಲೇಕೂಡದು. ಹೊಲದ ನಡುವಣ ದಾರಿಯನ್ನು ಉಳುವುದು ಅನಿವಾರ್ಯವಾದರೆ, ಬಿತ್ತನೆಗಾಗಿ ಮೊದಲು ಕದಲಿಸಿದ ದಿನದಿಂದ ಹದಿನಾಲ್ಕು ದಿನಗಳೊಳಗೆ ಅದನ್ನು ಮತ್ತೆ ನಡೆಯುವಂತೆ ಸರಿಪಡಿಸಿ, ಒಂದು ಮೀಟರಿಗೆ ಕಡಿಮೆಯಿಲ್ಲದ ಅಗಲವನ್ನು ಬಿಡಬೇಕೆಂದು 1990ರ ಕಾನೂನು ವಿಧಿಸುವುದು. ಲ್ಯಾಕ್ಸ್ಟನ್ನಿನ ಜ್ಯೂರಿಯು ಗೂಟಗಳಿಂದ ಮಾಡುವುದನ್ನೇ ಬೇರೆ ಹಳ್ಳಿಗಳಲ್ಲಿ ನಕ್ಷೆಯೂ ಕಾನೂನೂ ಮಾಡುತ್ತವೆ. ಆದರೆ ನಕ್ಷೆಗೆ ಕಾಲಿಲ್ಲ. ದಾರಿಯನ್ನು ನಡೆದು ನೋಡಿ ದೂರುವ ಮನುಷ್ಯನು ಊರಿನಲ್ಲಿಯೇ ಇರಬೇಕು.

10. ಗ್ರಾಮದ ಸಂಘಜೀವನ

ಕಾನೂನಿನ ಸಭೆಗಳಲ್ಲದೆ, ಜನರು ತಾವಾಗಿ ಕಟ್ಟಿಕೊಂಡ ಸಂಘಗಳು ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೇರಳವಾಗಿವೆ. ಅನೇಕ ಊರುಗಳಲ್ಲಿ ಗ್ರಾಮಭವನವೊಂದಿದ್ದು, ಧರ್ಮದರ್ಶಿಗಳ ಸಮಿತಿಯು ಅದನ್ನು ನಡೆಸುವುದು. ಮಹಿಳೆಯರ ಸಂಘವು 1915ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಪಕ್ಕದ ವೇಲ್ಸಿನಲ್ಲಿ ಮೊದಲಾಗಿ, ಅದೇ ವರ್ಷ ಇಂಗ್ಲೆಂಡಿಗೂ ಹರಡಿತು. ಆಹಾರವನ್ನು ಹೆಚ್ಚಾಗಿ ಬೆಳೆಯುವುದೂ ಕೆಡದಂತೆ ಇಡುವುದೂ ಅದರ ಆರಂಭದ ಉದ್ದೇಶಗಳಲ್ಲಿ ಸೇರಿದ್ದುವು. ತರುಣ ರೈತರ ಸಂಘವು 1921ರಲ್ಲಿ ಡೆವನ್ ಪ್ರಾಂತ್ಯದ ಹೆಮಿಯಾಕ್ ಎಂಬ ಗ್ರಾಮದಲ್ಲಿ ಕರುಗಳನ್ನು ಸಾಕುವ ಕೂಟವಾಗಿ ಹುಟ್ಟಿತು. ವರ್ಷಕ್ಕೊಮ್ಮೆ ಹೂ, ಹಣ್ಣು, ತರಕಾರಿಗಳ ಪ್ರದರ್ಶನವನ್ನು ಏರ್ಪಡಿಸಿ ಬಹುಮಾನಗಳನ್ನು ಹಂಚುವುದು ಎಷ್ಟೋ ಊರುಗಳಲ್ಲಿ ವಾಡಿಕೆ. ಇಂತಹ ಕೂಟಗಳಲ್ಲಿ ಒಟ್ಟಿಗೆ ಕೆಲಸಮಾಡಿದವರು ಕೌನ್ಸಿಲಿನಲ್ಲಿ ಭಿನ್ನಾಭಿಪ್ರಾಯ ಬಂದಾಗ ಪರಸ್ಪರ ಮಾತನ್ನು ಕೇಳಬಲ್ಲರು.

11. ಲೋಪಗಳು

ಈ ಏರ್ಪಾಡುಗಳಲ್ಲಿ ಕುಂದುಗಳೇ ಇಲ್ಲವೆಂದು ತಿಳಿಯಕೂಡದು. ಹಲವು ಪ್ಯಾರಿಷುಗಳಲ್ಲಿ ಸ್ಥಾನಗಳಿರುವಷ್ಟು ಅಭ್ಯರ್ಥಿಗಳೂ ದೊರೆಯದೆ ಚುನಾವಣೆಯೇ ನಡೆಯುವುದಿಲ್ಲ. ಹೊಸ ಮನೆಗಳನ್ನು ಕಟ್ಟುವ ಅರ್ಜಿಗಳ ಮೇಲೆ ಕೌನ್ಸಿಲು ಅಭಿಪ್ರಾಯವನ್ನು ಹೇಳಬಹುದೇ ಹೊರತು ತೀರ್ಮಾನವು ಮೇಲಿನವರ ಕೈಯಲ್ಲಿದೆ. 2011ರ ಕಾನೂನಿನಿಂದ ನೆರೆಹೊರೆಯ ಅಭಿವೃದ್ಧಿಯೋಜನೆಯನ್ನು ತಾವೇ ಬರೆದು ಜನಮತಕ್ಕೆ ಇಡುವ ಅವಕಾಶವು ದೊರೆತಿದ್ದರೂ, ಅದಕ್ಕೆ ಶ್ರಮವೂ ಕಾಲವೂ ಬಹಳ ಬೇಕಾಗುವುವು.

ಲ್ಯಾಕ್ಸ್ಟನ್ನಿಗೂ ಆತಂಕಗಳು ಬಾರದಿರಲಿಲ್ಲ. ಗ್ರಾಮದ ಹೆಚ್ಚಿನ ಜಮೀನು ಮ್ಯಾನ್‌ವರ್ಸ್ ಪ್ರಭುಗಳ ಮನೆತನದ ಎಸ್ಟೇಟಿಗೆ ಸೇರಿದ್ದಿತು. 1952ರಲ್ಲಿ ಇದನ್ನು ಸರ್ಕಾರದ ವ್ಯವಸಾಯ ಇಲಾಖೆಯು ಕೊಂಡುಕೊಂಡಿತು. 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಹೋಯಿತು; 2020ರಲ್ಲಿ ಥಾರ್ಸ್‌ಬಿ ಎಸ್ಟೇಟಿನ ವಶಕ್ಕೆ ಬಂದಿತು. ಒಡೆಯರು ಬದಲಾದಾಗಲೆಲ್ಲಾ ಹೊಲಗಳ ಕ್ರಮವು ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಯು ಏಳದಿರದು. ಯಂತ್ರಗಳು ಬಂದ ಮೇಲೆ ಉದ್ದ ಪಟ್ಟಿಗಳ ಉಳುಮೆಯು ಅಷ್ಟು ಲಾಭಕರವಲ್ಲ. ಒಕ್ಕಲುಗಳು ಕಡಿಮೆಯಾಗುತ್ತ ಹೋದರೆ ಹನ್ನೆರಡು ಮಂದಿಯ ಜ್ಯೂರಿಗೆ ಜನವನ್ನು ಎಲ್ಲಿಂದ ತರುವುದೆಂಬುದು ನಿಜವಾದ ಚಿಂತೆ. ಒಡೆಯರು ಮಾತು ಕೊಟ್ಟರೆ ಹೊಲಗಳು ಉಳಿಯಬಹುದು. ಸಭೆಯು ಉಳಿಯಬೇಕಾದರೆ ಗೂಟವನ್ನು ಹೊಡೆಯುವ ಕೈಗಳಿರಬೇಕು.

12. ಸಾರಾಂಶ

ಇಂಗ್ಲೆಂಡಿನ ಪದ್ಧತಿಯನ್ನು ಇದ್ದಂತೆಯೇ ಬೇರೊಂದು ದೇಶಕ್ಕೆ ತರುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಆದರೆ ಈ ಕೆಳಗಣ ಅಂಶಗಳು ಯಾವ ಊರಿಗಾದರೂ ಉಪಯುಕ್ತವಾಗುವುವು.

(1) ಸಾಮಾನ್ಯ ದಾರಿ, ಹುಲ್ಲುನೆಲ, ನೀರಿನ ಕಾಲುವೆ ಇವುಗಳನ್ನು ನೋಡಲು ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಬೇಕು. ಬಿತ್ತನೆಯಾದ ಕೂಡಲೆ ಆ ದಿನವು ಬಂದರೆ ಒಳ್ಳೆಯದು.

(2) ನೋಡುವವರು ಒಬ್ಬರಾಗಿರದೆ ಹಲವರಾಗಿರಬೇಕು, ವರ್ಷವರ್ಷವೂ ಬದಲಾಗಬೇಕು, ತಾವೂ ಅದೇ ನಿಯಮಕ್ಕೆ ಒಳಪಟ್ಟವರಾಗಿರಬೇಕು.

(3) ತಪ್ಪು ಸಣ್ಣದಾಗಿರುವಾಗಲೇ ಅದನ್ನು ಎಲ್ಲರೆದುರಿಗೆ ತಿಳಿಸಬೇಕು. ಒಂದು ಸಾಲು ಒತ್ತಿದವನಿಗೆ ಹೇಳುವುದು ಸುಲಭ. ಹತ್ತು ಸಾಲು ಒತ್ತಿದವನು ವಕೀಲರನ್ನು ಹುಡುಕುವನು.

(4) ನಕ್ಷೆ, ನಡವಳಿ ಪುಸ್ತಕ, ಜಮಾಖರ್ಚು ಇವು ಬರಹದಲ್ಲಿರಬೇಕು, ಕೇಳಿದವರಿಗೆ ತೋರಿಸತಕ್ಕವಾಗಿರಬೇಕು. ಬಡವನ ಹಕ್ಕಿಗೆ ಬರಹವೇ ಬೇಲಿ.

(5) ಸಭೆಯ ವೇಳೆಯು ದುಡಿಯುವವರಿಗೆ ಅನುಕೂಲವಾಗಿರಬೇಕು. ಬಾರದವರ ಪರವಾಗಿ ಬಂದವರೇ ತೀರ್ಮಾನಿಸುವುದು ಎಲ್ಲಾ ಸಭೆಗಳ ಸ್ವಭಾವವಾದುದರಿಂದ ಬರುವಂತೆ ಮಾಡುವುದೇ ಮೊದಲನೆಯ ಕರ್ತವ್ಯ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣವು ಬೇಕಾಗಿಲ್ಲ. ಒಂದು ಹೊರೆ ಗೂಟಗಳೂ, ಒಂದು ಪುಸ್ತಕವೂ, ಒಂದು ದಿನ ಹೊಲದ ಕಡೆ ಒಟ್ಟಿಗೆ ನಡೆಯುವ ಮನಸ್ಸೂ ಇದ್ದರೆ ಸಾಕು. ಗ್ರಾಮದ ಮುಖಂಡರು ಮುಂದಿನ ಬಿತ್ತನೆಯ ಕಾಲಕ್ಕೆ ತಮ್ಮ ಊರಿನ ಒಂದೇ ಒಂದು ದಾರಿಯನ್ನು ಆರಿಸಿಕೊಂಡು, ಇಕ್ಕೆಲಗಳ ಹೊಲದವರನ್ನೂ ಜೊತೆಗೆ ಕರೆದುಕೊಂಡು, ಈ ಕ್ರಮವನ್ನು ಪರೀಕ್ಷಿಸಿ ನೋಡಬಹುದು.